ರಜೆ ಟೀಚರ್

ನನ್ನ ಅಮ್ಮನಿಗೆ ಊರು ಇಟ್ಟ ಹೆಸರು ರಜೆ ಟೀಚರ್. ಗೊತ್ತಿಲ್ಲದವರು ಕೇಳಿದರೆ, ಮಾತೆತ್ತಿದರೆ ರಜೆ ಹಾಕಿ ಮನೆಯಲ್ಲಿ ಕಾಲು ಚಾಚಿ ಮಲಗುವ ಹೆಂಗಸಿರಬೇಕು ಎಂದುಕೊಳ್ಳುತ್ತಿದ್ದರು. ನಿಜವೆಂದರೆ ಅಮ್ಮ ತಾನಾಗಿ ರಜೆ ಹಾಕಿದ್ದು ನಾನು ಹುಟ್ಟಿದಾಗ ಮಾತ್ರ. ಆಗಲೂ ಕೆಂಪು ಪೆನ್ನು ಹಿಡಿದೇ ಆಸ್ಪತ್ರೆಗೆ ಬಂದಿದ್ದಳು, ಹೆರಿಗೆ ನೋವಿನ ನಡುವೆಯೇ ಗೋಡೆಗೆ ಅಂಟಿಸಿದ್ದ ಸೂಚನೆಯ ಕಾಗುಣಿತ ತಿದ್ದಿದಳು ಎಂದು ಅಪ್ಪ ಹೇಳುತ್ತಾರೆ. ಅಪ್ಪನ ಮಾತಿಗೆ ಉಪ್ಪುಖಾರ ಸ್ವಲ್ಪ ಹೆಚ್ಚು. ಅರ್ಧ ಕಳೆದು ನಂಬಬೇಕು.

ಅಮ್ಮ ಹೋಗಿ ಕೆಲವು ವರ್ಷಗಳಾದವು. ಈಗಲೂ ನಾನು ಕೈಚೀಲ ಹಿಡಿದು ಪೇಟೆಯಲ್ಲಿ ಹೋಗುತ್ತಿದ್ದರೆ, ತಲೆ ಬೋಳಾದ ಯಾರೋ ಒಬ್ಬರು ಅಡ್ಡ ನಿಂತು, "ನೀವು ರಜೆ ಟೀಚರ ಮಗಳಲ್ವಾ?" ಎನ್ನುತ್ತಾರೆ. ಹೌದು ಎಂದರೆ ಮುಗಿಯಿತು. ಅಲ್ಲೇ ನಿಂತು ತಮ್ಮ ಮನೆಯ ಕಥೆ ಶುರು ಮಾಡುತ್ತಾರೆ. ನನಗೆ ಕೆಲಸವಿರುತ್ತದೆ, ನೆತ್ತಿಯ ಮೇಲೆ ಬಿಸಿಲಿರುತ್ತದೆ, ಸಿಟ್ಟೂ ಬರುತ್ತದೆ. ಆದರೂ ಕೇಳುತ್ತೇನೆ, ಯಾಕೆಂದರೆ ಅವರು ಮಾತಾಡುತ್ತಿರುವುದು ನನ್ನ ಹತ್ತಿರವಲ್ಲ, ಅಮ್ಮನ ಹತ್ತಿರ.

ಅಮ್ಮ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಯ ಟೀಚರು. ಉದ್ದನೆಯ ಕಾರಿಡಾರಿನ ಕೊನೆಯ ಕೋಣೆ ಅವಳದು. ಒಂದು ಕಿಟಕಿಯಿಂದ ನೀರಿನ ತೊಟ್ಟಿ ಕಾಣುತ್ತಿತ್ತು, ಇನ್ನೊಂದರಿಂದ ಸೈಕಲ್ ನಿಲ್ಲಿಸುವ ಜಾಗ. ಟೇಬಲಿನ ಒಂದು ಕಾಲು ಗಿಡ್ಡವಾಗಿದ್ದರಿಂದ ಅದಕ್ಕೆ ರಟ್ಟು ಮಡಚಿ ಕೊಟ್ಟಿದ್ದರು. ಬೆಳಿಗ್ಗೆ ಗುಡಿಸಿ ನೀರು ಚಿಮುಕಿಸಿದ ನೆಲದ ವಾಸನೆ, ಸೀಮೆಸುಣ್ಣದ ಪುಡಿ, ಊಟದ ಡಬ್ಬಿಗಳೆಲ್ಲ ಸೇರಿ ಆ ಕೋಣೆಗೆ ಅದರದೇ ಒಂದು ಗಾಳಿ ಇತ್ತು. ಆ ಗಾಳಿ ಇನ್ನೊಮ್ಮೆ ಮೂಗಿಗೆ ಸಿಕ್ಕರೆ ಸಾಕೆಂದು ಎಷ್ಟೋ ಸಲ ಅನಿಸುತ್ತದೆ.

ಅವಳಿಗೆ ಆ ಹೆಸರು ಬಂದದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾರನೇ ದಿನ ಯಾವುದೋ ಹಬ್ಬಕ್ಕೆ ರಜೆ ಇತ್ತು. ಅದು ಅಮ್ಮನ ಮನೆಯ ಹಬ್ಬವಲ್ಲ. ಆದರೂ ಉತ್ಸಾಹ ನೋಡಿ, ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ "ಹಬ್ಬದ ಶುಭಾಶಯಗಳು" ಎಂದು ಬರೆದು, ಸುತ್ತ ಹಳದಿ ಹೂವು ಬಿಡಿಸಿ, ಈ ಹಬ್ಬದಲ್ಲಿ ಎಲ್ಲರೂ ಹೇಗೆ ನಲಿದಾಡುತ್ತಾರೆ ಎಂದು ಪಾಠ ಮಾಡಿದಳು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಎದ್ದು ನಿಂತಳು.

"ಟೀಚರ್, ನಾಳೆ ನಮ್ಮನೇಲಿ ಅಳೋ ದಿನ."

ಆ ಮನೆಗಳಲ್ಲಿ ಅದು ದುಃಖದ ದಿನವಂತೆ. ಯಾರೂ ಹೊಸ ಬಟ್ಟೆ ಹಾಕುವುದಿಲ್ಲ, ಜೋರಾಗಿ ನಗುವುದಿಲ್ಲ. "ಸಾವಿನ ಮನೇಲಿ ಓಲಗ ಊದಿದ ಹಾಗಾಯ್ತು ಕಣೆ," ಎಂದು ಅಮ್ಮ ಈ ಕಥೆ ಹೇಳುವಾಗಲೆಲ್ಲ ಕೆನ್ನೆಗೆ ಕೈ ಹಚ್ಚುತ್ತಿದ್ದಳು. ಆಗ ಅವಳಿಗೆ ತೋಚಿದ್ದು ಒಂದೇ. ಬೋರ್ಡು ಒರೆಸಿ, "ಹಾಗಾದ್ರೆ ನೀನೇ ಬಂದು ಹೇಳು," ಎಂದು ಹುಡುಗಿಯನ್ನು ಟೇಬಲಿನ ಬಳಿ ನಿಲ್ಲಿಸಿ, ತಾನು ಹಿಂದಿನ ಬೆಂಚಿಗೆ ಹೋಗಿ ಕೂತಳು. ಮಕ್ಕಳ ಬೆಂಚು, ಅಮ್ಮನ ಮೊಣಕಾಲು ಸಿಕ್ಕಿಕೊಂಡು ಏಳುವಾಗ ಇಬ್ಬರು ಕೈ ಹಿಡಿದು ಎಳೆಯಬೇಕಾಯಿತಂತೆ.

ಅಲ್ಲಿಂದ ಅದೇ ರೂಢಿಯಾಯಿತು. ಯಾವ ಹಬ್ಬದ ರಜೆ ಇದ್ದರೂ ಹಿಂದಿನ ದಿನದ ಕೊನೆಯ ಪೀರಿಯಡ್ಡಿನಲ್ಲಿ ಅಮ್ಮ "ನಾಳೆ ಯಾಕೆ ರಜೆ?" ಎಂದು ಕೇಳುವಳು. ಯಾರ ಮನೆಯ ಹಬ್ಬವೋ ಆ ಮಗು ಟೇಬಲಿನ ಬಳಿ ಹೋಗಿ ನಿಲ್ಲಬೇಕು. ಅಮ್ಮ ಹಿಂದಿನ ಬೆಂಚಿಗೆ. ಹೇಳುವ ಪ್ರತಿ ಮಾತೂ "ನಮ್ಮನೇಲಿ" ಎಂದೇ ಶುರುವಾಗಬೇಕು, ಅಷ್ಟೇ ಅವಳ ಕಟ್ಟಳೆ. ಯಾರಾದರೂ ಹುರುಪಿನಲ್ಲಿ "ಅವತ್ತು ಎಲ್ರೂ ಬೇಗ ಏಳ್ಬೇಕು" ಎಂದರೆ ಹಿಂದಿನಿಂದ ಅಮ್ಮನ ದನಿ ಬರುತ್ತಿತ್ತು, "ಯಾರ ಮನೇಲಿ?" ಮಗು ನಾಲಿಗೆ ಕಚ್ಚಿಕೊಂಡು, "ನಮ್ಮನೇಲಿ ಎಲ್ರೂ ಬೇಗ ಏಳ್ಬೇಕು" ಎಂದು ತಿದ್ದಿಕೊಳ್ಳುತ್ತಿತ್ತು.

ಮಕ್ಕಳು ದೇವರ ವಿಷಯ ಹೇಳಿದ್ದು ಕಡಿಮೆ. ನಮ್ಮನೇಲಿ ಅವತ್ತು ಅಪ್ಪ ಬೇಗ ಮನೆಗೆ ಬರ್ತಾರೆ. ನಮ್ಮನೇಲಿ ಅವತ್ತು ಮಾತು ಬಿಟ್ಟಿರೋ ಚಿಕ್ಕಪ್ಪನ್ನೂ ಕರೀತಾರೆ, ಅವರು ಬಂದು ಮತ್ತೆ ಜಗಳ ಆಡಿ ಹೋಗ್ತಾರೆ. ನಮ್ಮನೇಲಿ ಅಜ್ಜಿ ಉಪವಾಸ ಅಂತಾರೆ, ಆದ್ರೆ ಅಡುಗೆಮನೇಲಿ ಏನೋ ಅಗೀತಾ ಇರ್ತಾರೆ. ಇಂಥವೇ. ನಾನು ಅಮ್ಮನದೇ ತರಗತಿಗೆ ಬಂದ ವರ್ಷ ನನ್ನ ಸರದಿಯಲ್ಲಿ, "ನಮ್ಮನೇಲಿ ಅವತ್ತು ಬೆಳಿಗ್ಗೆಯಿಂದ ಅಮ್ಮ ಸಿಡಿಮಿಡಿ ಅಂತಿರ್ತಾರೆ" ಎಂದುಬಿಟ್ಟೆ. ಇಡೀ ತರಗತಿ ಹಿಂದಿನ ಬೆಂಚಿನ ಕಡೆ ತಿರುಗಿತು. ಯಾರ ಮನೇಲಿ ಎಂದು ಕೇಳುವ ಹಾಗೂ ಇಲ್ಲ, ಪಾಪ. ಅಮ್ಮ ಕಿಟಕಿಯಾಚೆ ಸೈಕಲ್ಲುಗಳನ್ನು ಬಹಳ ಆಸ್ಥೆಯಿಂದ ನೋಡುತ್ತಾ ಕೂತಳು.

ಅದೇ ವರ್ಷ ನೀಲಿ ಒಂದು ಪ್ರಶ್ನೆ ಕೇಳಿದಳು.

ನೀಲಿ ನನ್ನ ಪಕ್ಕದ ಬೆಂಚಿನವಳು. ಅವಳ ಅಪ್ಪನದು ಮಾಸಿದ ಬಟ್ಟೆಗೆ ಹೊಸ ಬಣ್ಣ ಹಾಕಿಕೊಡುವ ಅಂಗಡಿ. ಅಪ್ಪನ ಕೆಲಸಕ್ಕೆ ಕೈ ಹಚ್ಚಿ ಹಚ್ಚಿ ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ ಇರುತ್ತಿತ್ತು, ಹೆಸರೂ ಅದೇ ಆಯಿತು. ಹೆಚ್ಚು ಮಾತಿಲ್ಲದ ಹುಡುಗಿ. ಶಾಲೆ ತಪ್ಪಿಸುವವಳೇ ಅಲ್ಲ, ಆದರೆ ಪ್ರತಿ ವರ್ಷ ಚಳಿಗಾಲದ ಕೊನೆಗೆ ಒಂದು ದಿನ ಮಾತ್ರ ಬರುತ್ತಿರಲಿಲ್ಲ. ಮಾರನೇ ದಿನ ಕೇಳಿದರೆ "ಜ್ವರ ಇತ್ತು ಟೀಚರ್" ಎನ್ನುತ್ತಿದ್ದಳು. ನಾವು ಅದಕ್ಕೆ ವರ್ಷದ ಜ್ವರ ಎಂದು ಹೆಸರಿಟ್ಟು ರೇಗಿಸುತ್ತಿದ್ದೆವು.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವಳು ಅಮ್ಮನ ಟೇಬಲಿನ ಬಳಿ ನಿಂತಳು. ಅಮ್ಮನ ಜೊತೆ ಮನೆಗೆ ಹೋಗಲು ನಾನೂ ಅಲ್ಲೇ ಕಾಯುತ್ತಿದ್ದೆ.

"ಟೀಚರ್, ರಜೆ ಇಲ್ಲದ ಹಬ್ಬದವರು ಯಾವಾಗ ಹೇಳೋದು?"

ಅಮ್ಮ ಚೀಲಕ್ಕೆ ಪುಸ್ತಕ ತುಂಬುತ್ತಿದ್ದವಳು ನಿಲ್ಲಿಸಿದಳು. "ರಜೆ ಇಲ್ಲದ ಹಬ್ಬ ಯಾವ್ದಮ್ಮಾ?"

"ನಮ್ದು. ಊರಲ್ಲಿ ನಾವು ಎರಡೇ ಮನೆಯವರು. ನಮಗೆ ರಜೆ ಕೊಡಲ್ಲ. ಅದಕ್ಕೆ ಜ್ವರ ಅಂತ ಹೇಳೋದು." ಉಗುರಿನ ನೀಲಿ ಕೆರೆಯುತ್ತಾ, "ಈ ಸಲ ಜ್ವರ ಅಂತ ಹೇಳಲ್ಲ ಟೀಚರ್. ನನಗೆ ಇಷ್ಟ ಇಲ್ಲ," ಎಂದಳು.

ಅಮ್ಮ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷ ನಾಳೆ ಯಾಕೆ ರಜೆ ಎಂದು ಕೇಳಿ ಬೀಗುತ್ತಿದ್ದವಳಿಗೆ, ಸರ್ಕಾರದ ರಜಾಪಟ್ಟಿಯಲ್ಲಿ ಇಲ್ಲದ ಮನೆಗಳ ಬಾಯಿಗೆ ತನ್ನ ಪ್ರಶ್ನೆಯೇ ಬೀಗ ಹಾಕಿದೆ ಎಂದು ಹೊಳೆದಿರಲಿಲ್ಲ. "ನಿನ್ನ ಹಬ್ಬದ ಹಿಂದಿನ ದಿನ ನಿನ್ನ ಸರದಿ. ನಾನು ಮಾತು ಕೊಡ್ತಾ ಇದೀನಿ," ಎಂದಳು. ಆಮೇಲೆ ಎಷ್ಟೋ ದಿನ ನೀಲಿ ನೀರಿನ ತೊಟ್ಟಿಯ ಗೋಡೆಗೆ ಮುಖ ಮಾಡಿಕೊಂಡು "ನಮ್ಮನೇಲಿ... ನಮ್ಮನೇಲಿ..." ಎಂದು ಅಭ್ಯಾಸ ಮಾಡುವುದನ್ನು ನಾನು ನೋಡಿದ್ದೇನೆ.

ಅಷ್ಟರಲ್ಲಿ ಹೊಸ ಹೆಡ್‌ಮಾಸ್ಟರು ಬಂದರು. ನಿವೃತ್ತಿಗೆ ಹತ್ತಿರವಾಗಿದ್ದ, ಯಾರ ತಂಟೆಗೂ ಹೋಗದ, ಯಾವ ತಂಟೆಯೂ ತಮ್ಮ ಹತ್ತಿರ ಬರಬಾರದೆಂದು ಬಯಸುವ ಮನುಷ್ಯ. ಬಾಯಿ ತೆರೆದರೆ ಕಚೇರಿಯ ಕನ್ನಡ. ಕಾರಿಡಾರಿನಲ್ಲಿ ಓಡತಕ್ಕದ್ದಲ್ಲ, ಕೊಡೆಗಳನ್ನು ಮೂಲೆಯಲ್ಲಿ ಇಡತಕ್ಕದ್ದು. ನಮ್ಮ ಬಾಯಲ್ಲಿ ಅವರು ತಕ್ಕದ್ದು ಸಾಹೇಬರಾದರು.

ತಂಟೆ ಬಂದೇ ಬಂತು. ಔಷಧಿ ಅಂಗಡಿಯವರ ಮಗ ನಮ್ಮ ತರಗತಿಯಲ್ಲಿದ್ದ. ಗುಂಡಗೆ ಬೆಳ್ಳಗಿದ್ದ ಅವನನ್ನು ನಾವು ಮಾತ್ರೆ ಎನ್ನುತ್ತಿದ್ದೆವು. ಅವರ ಮನೆಯಲ್ಲಿ ದೇವರೂ ಇಲ್ಲ, ಹಬ್ಬವೂ ಇಲ್ಲ. ಅವನ ಅಪ್ಪನಿಗೆ ಅದರಲ್ಲೆಲ್ಲ ನಂಬಿಕೆ ಇರಲಿಲ್ಲ. ಎಲ್ಲರ ಕಥೆ ಕೇಳಿ ಕೇಳಿ ಮಾತ್ರೆ ಒಂದು ದಿನ ಮನೆಗೆ ಹೋಗಿ "ನಮ್ಮನೇಲಿ ಯಾಕೆ ಏನೂ ಇಲ್ಲ?" ಎಂದು ಗೊಳೋ ಅಂತ ಅತ್ತ. ಮಾರನೇ ದಿನ ಔಷಧಿ ಅಂಗಡಿಯವರು ಹೆಡ್‌ಮಾಸ್ಟರ ಕೋಣೆಗೆ ಬಂದು, "ಸರ್ಕಾರಿ ಶಾಲೇಲಿ ದೇವರ ಪಾಠ ಮಾಡೋಕೆ ನಿಮಗೆ ಯಾರು ಹೇಳಿದ್ದು? ಕೋರ್ಟಿಗೆ ಹೋಗ್ತೀನಿ," ಎಂದರು. ಮನುಷ್ಯ ಕೆಟ್ಟವರಲ್ಲ. ಮಗ ಅತ್ತದ್ದು ಅವರಿಗೆ ಸಂಕಟವಾಗಿತ್ತು.

ಕೋರ್ಟು ಎಂಬ ಮಾತು ಕೇಳಿದ್ದೇ ತಕ್ಕದ್ದು ಸಾಹೇಬರು ನಡುಗಿಹೋದರು. ಮರುದಿನವೇ ಪ್ರಾರ್ಥನೆಯ ಸಾಲಿನಲ್ಲಿ ಆಜ್ಞೆ ಹೊರಟಿತು. "ಇನ್ನು ಮುಂದೆ ಶಾಲೆಯ ಆವರಣದಲ್ಲಿ ಯಾರೂ ಹಬ್ಬದ ಮಾತು ಎತ್ತತಕ್ಕದ್ದಲ್ಲ."

ಮಕ್ಕಳಿಗೆ ಒಂದು ಮಾತು ಬೇಡವೆಂದರೆ ಸಾಕು, ಅದರದೇ ಜಾತ್ರೆ. ನಾವು ಹಬ್ಬ ಎನ್ನುವ ಕಡೆಯಲ್ಲೆಲ್ಲ "ಅದು" ಎನ್ನತೊಡಗಿದೆವು. ನಿಮ್ಮನೇಲಿ ಅದು ಯಾವಾಗ? ಅದಕ್ಕೆ ಹೊಸ ಬಟ್ಟೆ ತಂದ್ರಾ? ಲೆಕ್ಕದ ಮೇಷ್ಟ್ರು ಕೂಡ ಬಾಗಿಲ ಕಡೆ ಒಮ್ಮೆ ನೋಡಿ, "ಒಬ್ಬ ವ್ಯಾಪಾರಿ ಅದಕ್ಕೆಂದು ಇಷ್ಟು ಮೀಟರ್ ಬಟ್ಟೆ ಕೊಂಡನು" ಎಂದು ಓದಿದರು. ಇದೆಲ್ಲ ಹೋಗಲಿ. ಒಂದು ದಿನ ಪಾಠ ಓದಲು ಎದ್ದ ಮಾತ್ರೆ, "ಮಲ್ಲಿಗೆಯ ಬಳ್ಳಿ ಗೋಡೆಯ ತುಂಬ" ಎಂದು ಓದಿ ಗಕ್ಕನೆ ನಿಂತ. ಮುಂದಿನ ಪದ "ಹಬ್ಬಿತ್ತು." ಅವನ ಹಣೆ ಬೆವರಿತು. ಅಪ್ಪನ ದೂರಿನಿಂದಲೇ ಈ ಆಜ್ಞೆ ಬಂದದ್ದು ಅವನಿಗೆ ಗೊತ್ತು. ಕೊನೆಗೆ, "ಬಳ್ಳಿ ಗೋಡೆಯ ತುಂಬ... ಅದಿತ್ತು" ಎಂದು ಓದಿ ಕೂತ.

ಆ ಸಂಜೆ ಅಮ್ಮ ಇದನ್ನು ಅಪ್ಪನಿಗೆ ಹೇಳುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನದು ಗಡಿಯಾರ ರಿಪೇರಿ ಅಂಗಡಿ. ಮನೆಗೆ ತಂದಿದ್ದ ಒಂದು ಕೈಗಡಿಯಾರದ ಹೊಟ್ಟೆ ಬಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಅವರೂ ನಕ್ಕರು. ನಗುತ್ತಿದ್ದ ಅಮ್ಮನ ಕಣ್ಣಲ್ಲಿ ನೀರು ಬಂತು. ನಗು ನಿಂತಿತು, ನೀರು ನಿಲ್ಲಲಿಲ್ಲ.

"ನೀಲಿಗೆ ಮಾತು ಕೊಟ್ಟಿದೀನಿ ಕಣ್ರೀ. ಅವಳ ದಿನ ಹತ್ತಿರ ಬಂತು. ಮಗು ಏನೂ ಕೇಳಲ್ಲ, ಸುಮ್ನೆ ನನ್ನ ಮುಖ ನೋಡುತ್ತೆ."

"ಹೆಡ್‌ಮಾಸ್ಟರನ್ನ ಕೇಳಿದ್ಯಾ?"

"ಎರಡು ಸಲ ಕೇಳ್ದೆ. ಹೇಳೋದು ಬೇಡ, ಅವತ್ತು ನಿಜ ಹೇಳಿ ರಜೆ ತಗೊಳ್ಳೋಕಾದ್ರೂ ಬಿಡಿ ಅಂದೆ. ಪಟ್ಟಿಲಿ ಇಲ್ಲದ ರಜೆ ಕೊಡತಕ್ಕದ್ದಲ್ಲ ಅಂದ್ರು. ಜ್ವರ ಅಂದ್ರೆ ಕೊಡ್ತಾರಂತೆ, ಹಬ್ಬ ಅಂದ್ರೆ ಕೊಡಲ್ವಂತೆ. ಸುಳ್ಳಿಗೆ ಇರೋ ಮರ್ಯಾದೆ ನಿಜಕ್ಕಿಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದರು ಅಪ್ಪ. "ದೂರು ಬಂದಿದ್ದು ಟೀಚರ ಮೇಲೆ, ಬಾಯಿ ಕಟ್ಟಿದ್ದು ಮಕ್ಕಳಿಗೆ."

"ಶಿಕ್ಷಣ ಕಚೇರಿಗೆ ಹೋಗಿ ಕೇಳ್ತೀನಿ. ತನ್ನ ಮನೆ ಮಾತು ತಾನು ಹೇಳೋಕೆ ಅಪ್ಪಣೆ ಬೇಕಾ ಅಂತ."

ಅಪ್ಪ ಭೂತಗನ್ನಡಿ ತೆಗೆದರು. "ನೋಡೇ, ಹೆಡ್‌ಮಾಸ್ಟರನ್ನ ದಾಟಿ ಮೇಲೆ ಹೋದ್ರೆ ನಿನ್ನನ್ನ ಎಲ್ಲಿಗೋ ಎತ್ತಿ ಹಾಕ್ತಾರೆ. ಯೋಚನೆ ಮಾಡು."

"ಮಾಡಿದೀನಿ."

"ಹಾಗಾದ್ರೆ ಶನಿವಾರ ಮಧ್ಯಾಹ್ನ ಅಂಗಡಿ ಮುಚ್ತೀನಿ. ಜೊತೆಗೆ ಬರ್ತೀನಿ," ಎಂದು ಅಪ್ಪ ಮತ್ತೆ ಗಡಿಯಾರಕ್ಕೆ ಬಗ್ಗಿದರು. ನನ್ನ ಅಪ್ಪ ಹೀಗೆ. ಬೇಡ ಎಂದು ಹೇಳುವುದನ್ನೂ ಬಿಡುವುದಿಲ್ಲ, ಬೆನ್ನ ಹಿಂದೆ ನಿಲ್ಲುವುದನ್ನೂ ಬಿಡುವುದಿಲ್ಲ.

ಹೋಗಿ ಬಂದ ಮುಂದಿನ ವಾರವೇ ಶಿಕ್ಷಣ ಕಚೇರಿಯ ಅಧಿಕಾರಿ ಶಾಲೆಗೆ ಬಂದರು. ಗಿಡ್ಡನೆಯ ಹೆಂಗಸು, ಕೊಡೆಯನ್ನೇ ಕೋಲಿನ ಹಾಗೆ ಊರಿಕೊಂಡು ನಡೆಯುತ್ತಿದ್ದರು. ಹೆಡ್‌ಮಾಸ್ಟರ ಕೋಣೆಗೆ ಅಮ್ಮನನ್ನೂ ಔಷಧಿ ಅಂಗಡಿಯವರನ್ನೂ ಕರೆಸಿದರು. ಅಲ್ಲಿ ನಡೆದದ್ದನ್ನು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ನಾನೇ ಟೇಬಲಿನ ಕೆಳಗೆ ಕೂತು ಕೇಳಿದ ಹಾಗಿದೆ.

"ಟೀಚರ್, ನೀವು ಮಕ್ಕಳ ಕೈಲಿ ಯಾವತ್ತಾದ್ರೂ ಪೂಜೆ ಮಾಡ್ಸಿದೀರಾ?" ಎಂದು ಅಧಿಕಾರಿ ಕೇಳಿದರು.

"ಇಲ್ಲ ಮೇಡಂ."

"ಈ ಹಬ್ಬ ಒಳ್ಳೇದು, ಆ ಹಬ್ಬ ಅಷ್ಟಕ್ಕಷ್ಟೇ ಅಂತೇನಾದ್ರೂ?"

"ನಾನು ಬಾಯೇ ಬಿಡಲ್ಲ. ಮಕ್ಕಳು ಅವರವರ ಮನೇದು ಹೇಳ್ತಾರೆ. ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ."

"ಕೇಳೋಕೆ ಇಷ್ಟ ಇಲ್ಲದ ಮಗು ಇದ್ರೆ?"

"ಅದನ್ನ ನಾನು ಯೋಚನೆ ಮಾಡಿರ್ಲಿಲ್ಲ. ಎಲ್ರೂ ಕೂತು ಕೇಳ್ಬೇಕು ಅಂತಿದ್ದೆ."

"ಅದು ತಪ್ಪು. ಹೇಳೋ ಹಕ್ಕು ಒಂದು ಮಗೂದಾದ್ರೆ ಎದ್ದು ಹೋಗೋ ಹಕ್ಕು ಇನ್ನೊಂದು ಮಗೂದು. ಇಷ್ಟ ಇಲ್ಲದವರು ಆಟದ ಬಯಲಿಗೆ ಹೋಗ್ಲಿ." ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿದರು. "ಸಾರ್, ನಾವು ಈ ಕುರ್ಚಿಲಿ ಕೂತು ಮಾತಾಡಿದ್ರೆ ಸರ್ಕಾರ ಮಾತಾಡಿದ ಹಾಗೆ. ಸರ್ಕಾರಕ್ಕೆ ಯಾವ ಹಬ್ಬಾನೂ ಇಲ್ಲ, ಅದಕ್ಕೆ ನಾವು ಬಾಯಿ ಮುಚ್ಕೊಂಡಿರ್ಬೇಕು. ಆದ್ರೆ ಮಗು ಸರ್ಕಾರ ಅಲ್ವಲ್ಲ. ಅದಕ್ಕೆ ಮನೆ ಇದೆ. ಶಾಲೆ ಗೇಟಿನ ಹತ್ರ ಚಪ್ಪಲಿ ಬಿಟ್ಟ ಹಾಗೆ ಮನೇನ ಬಿಟ್ಟು ಬಾ ಅನ್ನೋಕಾಗಲ್ಲ."

ಔಷಧಿ ಅಂಗಡಿಯವರು ಗಂಟಲು ಸರಿ ಮಾಡಿಕೊಂಡರು. "ನಮ್ಮನೇಲಿ ಯಾವ ಹಬ್ಬಾನೂ ಇಲ್ಲ ಮೇಡಂ. ನನ್ನ ಮಗ ಅದನ್ನ ಹೇಳ್ಬಹುದಾ?"

"ಧಾರಾಳವಾಗಿ ಹೇಳ್ಬಹುದು."

"ಯಾರೂ ನಗಬಾರದು."

"ನಕ್ಕೋರನ್ನ ನಾನು ನೋಡ್ಕೋತೀನಿ," ಎಂದಳು ಅಮ್ಮ. ಅಲ್ಲಿಗೆ ಅವರ ಸಿಟ್ಟು ಅರ್ಧ ಇಳಿಯಿತು.

ತಕ್ಕದ್ದು ಸಾಹೇಬರಿಗೆ ಮಾತ್ರ ಸಮಾಧಾನವಿರಲಿಲ್ಲ. "ಮೇಡಂ, ಹೇಳೋದೇನೋ ಸರಿ. ಪಟ್ಟಿಯಲ್ಲಿ ಇಲ್ಲದ ಹಬ್ಬಕ್ಕೆ ಮಗುವಿಗೆ ರಜೆ ಕೊಡುವುದು ಹೇಗೆ?"

"ಪಟ್ಟಿ ಇರೋದು ಶಾಲೆ ಮುಚ್ಚೋಕೆ ಸಾರ್. ಅಪ್ಪನೋ ಅಮ್ಮನೋ ಬಂದು, ನಾಳೆ ನಮ್ಮನೇಲಿ ಹಬ್ಬ ಅಂತ ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಆ ಮಗುಗೆ ರಜೆ. ಕೊಡತಕ್ಕದ್ದು."

ತಮ್ಮ ಮಾತನ್ನು ಮೇಲಧಿಕಾರಿಯ ಬಾಯಲ್ಲಿ ಕೇಳಿದ ಸಾಹೇಬರ ಮುಖ ಅರಳಿತು. ಒಡನೆ ಚಹಾ ತರಿಸಿದರು.

ಹೀಗೆ ಹಬ್ಬ ಮರಳಿ ಶಾಲೆಗೆ ಬಂತು. ಮುಂದಿನ ಹಬ್ಬದ ರಜೆಯ ಹಿಂದಿನ ದಿನ ಮೊದಲ ಸರದಿ ಮಾತ್ರೆಯದು. ಎದೆಯುಬ್ಬಿಸಿ ನಿಂತು, "ನಮ್ಮನೇಲಿ ನಾಳೆ ಹಬ್ಬ ಇಲ್ಲ. ನಮ್ಮನೇಲಿ ನಾಡಿದ್ದೂ ಇಲ್ಲ. ನಮ್ಮನೇಲಿ ಅಪ್ಪ ನಾಳೆ ಬೇಗ ಅಂಗಡಿ ತೆಗೀತಾರೆ, ಯಾಕಂದ್ರೆ ಹಬ್ಬದ ದಿನ ಊರೋರಿಗೆಲ್ಲ ಹೊಟ್ಟೆ ಕೆಡುತ್ತೆ" ಎಂದ. ನಗಬಾರದೆಂದು ಕಟ್ಟಪ್ಪಣೆ ಮಾಡಿದ್ದ ಅಮ್ಮನೇ ಮೊದಲು ನಕ್ಕಳು. ಇಷ್ಟವಿಲ್ಲದವರು ಹೊರಗೆ ಹೋಗಬಹುದು ಎಂದಿದ್ದಕ್ಕೆ ಒಬ್ಬ ಖುಷಿಯಿಂದ ಹೋಗಿದ್ದ. ಒಬ್ಬನೇ ಎಷ್ಟು ಹೊತ್ತು ಚೆಂಡು ಒದ್ದಾನು? ಕಿಟಕಿಗೆ ಮೂಗು ಒತ್ತಿಕೊಂಡು ನಿಂತುಬಿಟ್ಟ.

ಆದರೆ ನೀಲಿಯ ಗಂಟು ಬಿಡಿಸಿಕೊಂಡಿರಲಿಲ್ಲ. ಅವಳು ಹೇಳುವುದಕ್ಕೆ ಇನ್ನು ಯಾರ ಅಡ್ಡಿಯೂ ಇಲ್ಲ. ರಜೆ ಸಿಗಬೇಕಾದರೆ ಮಾತ್ರ ಅವಳ ಅಪ್ಪ ಶಾಲೆಗೆ ಬಂದು ಆ ಒಂದು ಮಾತು ಹೇಳಬೇಕು. ಮಗಳನ್ನು ಸೇರಿಸಿದ ಮೇಲೆ ಅವರು ಒಮ್ಮೆಯೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಮ್ಮ ಅಂಗಡಿಗೇ ಹೋಗಿ ವಿಷಯ ತಿಳಿಸಿ ಬಂದಳು. ಅವರು ಕುದಿಯುವ ಬಣ್ಣದ ಹಂಡೆಯಲ್ಲಿ ಬಟ್ಟೆ ತಿರುವುತ್ತಾ, ತಲೆ ಎತ್ತದೆ, "ನೋಡೋಣ ಟೀಚರ್," ಎಂದರಂತೆ. "ಬರಲ್ಲ ಅಂತ ಕಾಣುತ್ತೆ ಕಣ್ರೀ," ಎಂದು ಅಮ್ಮ ಮನೆಯಲ್ಲಿ ಪೇಚಾಡಿದಳು.

ನೀಲಿಯ ದಿನ ಬಂತು. ಕೊನೆಯ ಪೀರಿಯಡ್ಡು. "ನಾಳೆ ಯಾಕೆ ರಜೆ?" ಎಂದು ಕೇಳುವ ಹಾಗಿಲ್ಲ, ನಾಳೆ ರಜೆ ಇಲ್ಲವಲ್ಲ. ಅಮ್ಮ ಸುಮ್ಮನೆ, "ನೀಲಿ, ಬಾಮ್ಮ," ಎಂದು ಹಿಂದಿನ ಬೆಂಚಿಗೆ ನಡೆದಳು. ನೀಲಿ ಟೇಬಲಿನ ಅಂಚು ಹಿಡಿದು ನಿಂತಳು.

"ನಾಳೆ ನಿಮಗೆಲ್ಲ ಶಾಲೆ ಇದೆ. ನಮ್ಮನೇಲಿ ಹಬ್ಬ. ನನಗೆ ಜ್ವರ ಇಲ್ಲ." ಮೊದಲ ಮಾತೇ ಅದು. ನಾವು ರೇಗಿಸುತ್ತಿದ್ದವರೆಲ್ಲ ಬೆಂಚು ನೋಡಿಕೊಂಡು ಕೂತೆವು. "ನಮ್ಮನೇಲಿ ನಾಳೆ ಒಬ್ಬರ ಹತ್ರ ಒಬ್ಬರು ಕ್ಷಮೆ ಕೇಳ್ತಾರೆ. ನಮ್ಮನೇಲಿ ದೊಡ್ಡವರೇ ಮೊದಲು ಕೇಳೋದು. ಅಜ್ಜಿ ಅಪ್ಪನ ಹತ್ರ, ಅಪ್ಪ ಅಮ್ಮನ ಹತ್ರ, ಅಮ್ಮ ಅಕ್ಕನ ಹತ್ರ. ನಮ್ಮನೇಲಿ ನಾನೇ ಎಲ್ರಿಗಿಂತ ಚಿಕ್ಕವಳು, ಅದಕ್ಕೆ ಎಲ್ರೂ ನನ್ನ ಹತ್ರ ಕೇಳ್ತಾರೆ."

"ನೀನು ಯಾರ ಹತ್ರ ಕೇಳ್ತೀಯ?" ಎಂದ ಮಾತ್ರೆ.

"ಬೆಕ್ಕಿನ ಹತ್ರ."

ತರಗತಿ ನಕ್ಕಿತು, ನೀಲಿಯೂ ನಕ್ಕಳು. ಆಮೇಲೆ ಅವಳ ದನಿ ಸಣ್ಣಗಾಯಿತು. "ನಮ್ಮನೇಲಿ ಬರೀ ತಪ್ಪಾಯ್ತು ಅಂದ್ರೆ ಸಾಲದು, ಏನು ತಪ್ಪು ಅಂತ ಹೇಳ್ಬೇಕು. ಹೋದ ವರ್ಷ ಅಪ್ಪ ನನ್ನ ಹತ್ರ ಬಂದು, ನಿನ್ನ ಬಾಯಲ್ಲಿ ಸುಳ್ಳು ಹೇಳಿಸ್ತಾ ಇದೀನಿ, ಅದಕ್ಕೆ ಅಂದ್ರು. ಅಪ್ಪ ಮತ್ತೆ ಅದನ್ನೇ ಕೇಳೋದು ಬೇಡ ಅಂತ ನಾನು ಟೀಚರ ಹತ್ರ ಹೇಳ್ದೆ."

ಗಂಟೆ ಹೊಡೆಯಿತು. ಎಂದಿನಂತೆ ಎಲ್ಲರೂ ಚೀಲ ಎತ್ತಿಕೊಂಡು ಹೋದರು. ನಾವು ಮೂವರು ಉಳಿದೆವು. ಆಗ ನೋಡಿದರೆ, ಬಾಗಿಲ ಪಕ್ಕದ ಗೋಡೆಗೆ ಒರಗಿ ನೀಲಿಯ ಅಪ್ಪ ನಿಂತಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ. ಒಗೆದ ಅಂಗಿ ಹಾಕಿ, ತಲೆ ಬಾಚಿದ್ದರು. ಮಣಿಕಟ್ಟಿನವರೆಗಿನ ನೀಲಿ ಮಾತ್ರ ಯಾವ ಸೋಪಿಗೂ ಹೋಗುವಂಥದ್ದಲ್ಲ.

"ಬನ್ನಿ, ಒಳಗೆ ಬನ್ನಿ," ಎಂದಳು ಅಮ್ಮ.

ಅವರು ಒಳಗೆ ಬಂದು ಟೇಬಲಿನ ಮುಂದೆ ಕೈಕಟ್ಟಿ ನಿಂತರು, ನಾವು ನಿಲ್ಲುತ್ತಿದ್ದ ಹಾಗೆಯೇ. ಅಮ್ಮನಿಗಿಂತ ವಯಸ್ಸಿನಲ್ಲಿ ದೊಡ್ಡವರು. ಹಣೆಯ ಮೇಲೆ ಬೆವರು. ಅಮ್ಮ ಕಾದಳು. ನೀಲಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವರು ಒಮ್ಮೆ ಉಗುಳು ನುಂಗಿ, ಒಂದೇ ಉಸಿರಿಗೆ ಹೇಳಿದರು.

"ನಾಳೆ ಜ್ವರ ಟೀಚರ್."

ತಾನು ಏನು ಹೇಳಿದೆ ಎಂದು ಅವರಿಗೇ ಆಮೇಲೆ ಕೇಳಿಸಿತು. ಮುಖ ಕಪ್ಪಿಟ್ಟಿತು.

"ತಪ್ಪಾಯ್ತು ಟೀಚರ್. ನಾನೂ ಇದೇ ಶಾಲೇಲಿ ಓದಿದ್ದು. ಪ್ರತಿ ವರ್ಷ ಹೀಗೇ ನಿಂತು ಅದನ್ನೇ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗ್ಬಿಟ್ಟಿದೆ. ಬೇರೆ ಮಾತು ಬರ್ಲಿಲ್ಲ."

ಅಮ್ಮ ಪದ್ಯ ತಪ್ಪಿದ ಮಗುವಿಗೆ ಹೇಳುವ ದನಿಯಲ್ಲೇ, "ಪರವಾಗಿಲ್ಲ. ಇನ್ನೊಂದು ಸಲ ಹೇಳಿ," ಎಂದಳು.

"ನಾಳೆ ಹಬ್ಬ ಟೀಚರ್. ಮಗಳನ್ನ ಕಳಿಸಲ್ಲ."

"ಸರಿಯಾಗಿದೆ, ಕೂತ್ಕೋ," ಎಂದುಬಿಟ್ಟಳು ಅಮ್ಮ. ಅವಳ ನಾಲಿಗೆಗೂ ಅದೇ ರೂಢಿ. ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಅವರು ತಪ್ಪು ತಿಳಿಯಲಿಲ್ಲ. ಮುಂದಿನ ಬೆಂಚಿನಲ್ಲಿ ಮಗಳ ಪಕ್ಕ ಹೇಗೋ ಕಾಲು ತೂರಿಸಿ ಕೂತರು, ಕೂತು ಎರಡೂ ನೀಲಿ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತರು.